ಜಯತ್ತೆಯ ಶನಿವಾರದ ಕ್ಲಾಸು

ಯಾರಾದರೂ ಬಟ್ಟೆಯನ್ನು ಪಟ್ಟೆಂದು ಕೊಡವಿ ಹರವಿದರೆ ಸಾಕು, ನನಗೆ ಅಮೆರಿಕದ ಇಸ್ಸಾಕ್ವಾ ಊರಿನ ಆ ಬೂದುಬಣ್ಣದ ಮನೆ ನೆನಪಾಗುತ್ತದೆ. ಗುಡ್ಡದ ಮೇಲೆ ಒಂದೇ ಅಚ್ಚಿನ ಮನೆಗಳ ಸಾಲು, ಅದರಲ್ಲಿ ನಮ್ಮದು ಎಡದಿಂದ ನಾಲ್ಕನೆಯದು. ಎಷ್ಟು ತೊಳೆಸಿದರೂ ಕಾರ್ಪೆಟ್ಟಿನಿಂದ ಇಂಗಿನ ಒಗ್ಗರಣೆಯ ವಾಸನೆ ಹೋಗುತ್ತಿರಲಿಲ್ಲ. ನಿಮಗೂ ಇಂಥ ಮನೆಯೊಂದಿದ್ದೀತು, ಅದನ್ನು ನೆನೆದು ನೀವು ಹಿತವಾಗಿ ನಿಟ್ಟುಸಿರು ಬಿಡುತ್ತೀರೇನೋ. ನನಗೆ ಆ ಭಾಗ್ಯವಿಲ್ಲ. ಆ ಮನೆಯಲ್ಲಿ ನಾನು ಒಳ್ಳೆಯ ಹುಡುಗಿಯಾಗಿರಲಿಲ್ಲ.

ಅಪ್ಪನ ಅಕ್ಕ ಜಯತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಾಗ ನನಗೆ ಹತ್ತು ವರ್ಷ. ಮದುವೆಯಾಗದ ಹೆಂಗಸು. ಸೀರೆ ಅಂಗಡಿಯೊಂದರ ಕೌಂಟರಿನ ಹಿಂದೆ ಇಪ್ಪತ್ತೆರಡು ವರ್ಷ ನಿಂತವಳು. ಅವಳು ಹಾಗೆ ನಿಂತದ್ದರಿಂದಲೇ ಅಪ್ಪ ಎಂಜಿನಿಯರ್ ಆದದ್ದು. ಆದರೆ ಅಪ್ಪ ಇಲ್ಲಿನ ಕನ್ನಡದವರ ಹತ್ತಿರ 'ನಮ್ಮಕ್ಕ ಸ್ಕೂಲ್ ಟೀಚರ್' ಎಂದು ಹೇಳಿಬಿಟ್ಟಿದ್ದರು. ನಾಚಿಕೆಗೆ ಹೇಳಿದರೋ, ಅಕ್ಕನಿಗೊಂದು ಮರ್ಯಾದೆ ಸಿಗಲಿ ಎಂದು ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹಾಗಾದರೆ ನಮ್ಮ ಮಕ್ಕಳಿಗೂ ಕನ್ನಡ ಕಲಿಸಲಿ ಎಂದರು ಎಲ್ಲರೂ. 'ಏನೋ ಮಧು, ಎಸ್ಸೆಸ್ಸೆಲ್ಸಿಯೋಳನ್ನ ಟೀಚರ್ ಮಾಡ್ಬಿಟ್ಯಲ್ಲೋ' ಎಂದು ಅಪ್ಪನ ಮೇಲೆ ರೇಗಿ ಜಯತ್ತೆ ಎರಡು ದಿನ ಅನ್ನ ಬಿಟ್ಟಳು. ಮೂರನೆಯ ಶನಿವಾರದ ಹೊತ್ತಿಗೆ ಅವಳೇ ಬದಲಾಗಿದ್ದಳು. ಗಂಜಿ ಹಾಕಿದ ಕಾಟನ್ ಸೀರೆ, ಮುಖಕ್ಕೆ ತೆಳುವಾಗಿ ಪೌಡರು. ಕಾರಿನಿಂದಿಳಿದ ಏಳು ಮಕ್ಕಳು 'ಟೀಚರ್' ಎಂದು ಕೂಗುತ್ತ ಒಳಗೆ ನುಗ್ಗಿದರೆ ಅವಳಿಗೆ ಕಣ್ಣು ತುಂಬುತ್ತಿತ್ತು. ಜೀವಮಾನವೆಲ್ಲ ಗಿರಾಕಿಗಳಿಗಾಗಿ ಕಾದಿದ್ದವಳಿಗಾಗಿ ಯಾರೋ ಕಾಯುತ್ತಿದ್ದದ್ದು ಅದೇ ಮೊದಲು. ವಾರವಿಡೀ ಅವಳು ಆ ಶನಿವಾರಕ್ಕಾಗಿ ಬದುಕುತ್ತಿದ್ದಳು.

ಉಳಿದ ದಿನಗಳಲ್ಲಿ ಅವಳು ನನ್ನವಳು. ಸ್ಕೂಲಿನಿಂದ ಬಂದೊಡನೆ ನಾವಿಬ್ಬರೂ ಸೋಫಾದ ಮೇಲೆ ಕಾಲು ಮಡಚಿ ಕೂತು, ಲೈಬ್ರರಿಯಿಂದ ತಂದ ಒಂದೇ ಡಿವಿಡಿಯನ್ನು ಮತ್ತೆ ಮತ್ತೆ ನೋಡುತ್ತಿದ್ದೆವು. ಲಂಡನ್ನಿನ ದೊಡ್ಡ ಬಟ್ಟೆ ಅಂಗಡಿಯೊಂದರ ಕೆಲಸಗಾರರ ಮೇಲೆ ಬ್ರಿಟಿಷರು ಎಂದೋ ತೆಗೆದ ಕಪ್ಪುಬಿಳುಪು ಸಿನಿಮಾ ಅದು. ಮಾತು ಅವಳಿಗೆ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ನಾಯಕಿಯನ್ನು 'ನಮ್ಮ ಕಮಲ' ಎನ್ನುತ್ತಿದ್ದಳು, ಮೀಸೆಯ ಮ್ಯಾನೇಜರನ್ನು 'ನಮ್ಮ ಸಾಹುಕಾರ್ರು'. 'ಈ ಕಮಲ ಒಂದಿನಾನೂ ಅಂಗಡೀಲಿ ನಿಂತೋಳಲ್ಲ ಕಣೇ, ಬಟ್ಟೆ ಹಿಡಿಯೋ ಕೈ ನೋಡು' ಎಂದು ಮೂಗು ಮುರಿಯುತ್ತಿದ್ದಳು. ಅಷ್ಟು ನಟನಟಿಯರಲ್ಲಿ ಅವಳ ಪರೀಕ್ಷೆಯಲ್ಲಿ ಪಾಸಾದವಳು ಹಿಂದೆ ನಿಲ್ಲುವ ಒಬ್ಬ ಮುದುಕಿ ಮಾತ್ರ. ಆ ಮುದುಕಿ ದಣಿದು ಸ್ಟೂಲಿನ ಮೇಲೆ ಕೂತದ್ದಕ್ಕೆ ಮ್ಯಾನೇಜರು ಅವಳನ್ನು ಕೆಲಸದಿಂದ ತೆಗೆಯುವ ದೃಶ್ಯ ಬಂದಾಗ ಜಯತ್ತೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಗಂಟುಗಂಟಾದ ನೀಲಿ ನರಗಳನ್ನು ನನಗೆ ತೋರಿಸಿದಳು. 'ನಮಗೂ ಕೂರೋ ಹಾಗಿರ್ಲಿಲ್ಲ. ಗಿರಾಕಿ ಇಲ್ದಿದ್ರೂ ನಿಂತೇ ಇರ್ಬೇಕು. ಯಾರಿಗೂ ಹೇಳ್ಬೇಡ ಕೂಸೇ' ಎಂದಳು. ನಾನು ತಲೆಯಾಡಿಸಿದೆ.

ಆದರೆ ಶನಿವಾರ ಬಂತೆಂದರೆ ಅವಳು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎರಡನೇ ಕ್ಲಾಸಿನವರೆಗೆ ಮೈಸೂರಿನಲ್ಲಿ ಓದಿ ಬಂದ ನನಗೆ ಅಕ್ಷರವೆಲ್ಲ ಬರುತ್ತಿತ್ತು. ಸುಮಾ ಆಂಟಿಯ ಮಗಳು ಶ್ರೇಯಾ 'ಅ' ಬರೆಯಲು ಅರ್ಧ ಗಂಟೆ ತೆಗೆದುಕೊಳ್ಳುವವಳು, ಜಯತ್ತೆ ಅವಳ ಕೈ ಹಿಡಿದು ತಿದ್ದಿಸಿ 'ಜಾಣೆ, ನನ್ನ ಬಂಗಾರ' ಎನ್ನುವಳು. ನಾನು ಪುಟ ತುಂಬ ಬರೆದು ತೋರಿಸಿದರೆ, 'ನಿಂಗೇನಮ್ಮ, ಬರುತ್ತಲ್ಲ' ಅಷ್ಟೇ. ನನಗೆ ಹೊಟ್ಟೆ ಉರಿದುಹೋಗುತ್ತಿತ್ತು.

ವರಮಹಾಲಕ್ಷ್ಮಿ ಹಬ್ಬದ ಮಧ್ಯಾಹ್ನ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದರು. ಸುಮಾ ಆಂಟಿ ಊರಿನಿಂದ ಬಂದ ಹೊಸ ರೇಷ್ಮೆ ಸೀರೆಯನ್ನು ತಂದಿದ್ದರು. ಹೆಂಗಸರು ಅದರ ಅಂಚನ್ನು ಎರಡು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುವುದನ್ನು ಕಂಡು ಜಯತ್ತೆಗೆ ತಡೆಯಲಾಗಲಿಲ್ಲ. ಸೀರೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡು, ಪಟ್ಟೆಂದು ಒಂದೇ ಏಟಿಗೆ ಕಾರ್ಪೆಟ್ಟಿನುದ್ದಕ್ಕೂ ಹರವಿ, ಸೆರಗನ್ನು ತನ್ನ ಹೆಗಲಿಗೆ ಹಾಕಿಕೊಂಡು, 'ನೋಡಿ ಮೇಡಂ, ಒಳಗೂ ಹೊರಗೂ ಒಂದೇ ಜರಿ, ಬಣ್ಣ ಹೋದ್ರೆ ನಾವಿದ್ದೀವಿ' ಎಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಸುಮಾ ಆಂಟಿ ನಕ್ಕರು: 'ಏನ್ ಟೀಚರ್, ಸೀರೆ ಅಂಗಡೀಲಿ ಕೆಲ್ಸ ಮಾಡ್ತಿದ್ರಾ?' ಕಾಫಿ ತರುತ್ತಿದ್ದ ಅಪ್ಪ ಅಲ್ಲಿಂದಲೇ, 'ಅಕ್ಕಂಗೆ ಮೊದ್ಲಿಂದ ಸೀರೆ ಹುಚ್ಚು ಕಣ್ರೀ, ಅಂಗಡಿಯೋರನ್ನ ನೋಡಿ ನೋಡಿ ಕಲ್ತುಬಿಟ್ಟಿದಾಳೆ' ಎಂದು ಮಾತು ಹಾರಿಸಿದರು. ಎಲ್ಲರೂ ಕಾಫಿಗೆ ಕೈ ಚಾಚಿದರು.

ಸುಮಾ ಆಂಟಿ ಬಿಡುವವರಲ್ಲ. ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದ ನನ್ನ ಹತ್ತಿರ ಬಂದು, 'ನಿಮ್ಮತ್ತೆ ಯಾವ ಸ್ಕೂಲಲ್ಲಿದ್ರು ಪುಟ್ಟಿ?' ಎಂದು ಮೆಲ್ಲಗೆ ಕೇಳಿದರು. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ. ಅಂಗಡಿ, ಸಾಹುಕಾರ್ರು, ಕಮಲ, ಎಸ್ಸೆಸ್ಸೆಲ್ಸಿ, ಒಂದನ್ನೂ ಬಿಡಲಿಲ್ಲ. ಅಷ್ಟಕ್ಕೇ ನಿಲ್ಲಿಸದೆ, ಹೆಗಲಿಗೆ ದುಪ್ಪಟ್ಟಾ ಹಾಕಿಕೊಂಡು, ಕಾಲು ನೋಯುವವಳ ನಡಿಗೆ ನಡೆದು ತೋರಿಸಿದೆ. ಸುಮಾ ಆಂಟಿ ಬಾಯಿ ಮುಚ್ಚಿಕೊಂಡು ನಕ್ಕರು. 'ಎಷ್ಟ್ ಚೆನ್ನಾಗಿ ಆಕ್ಟ್ ಮಾಡ್ತೀಯೇ' ಎಂದು ಕೆನ್ನೆ ಹಿಂಡಿದರು. ನನಗೆ ಬಹಳ ಖುಷಿಯಾಯಿತು.

ಮುಂದಿನ ಶನಿವಾರ ಒಂದು ಕಾರೂ ಬರಲಿಲ್ಲ. ಜಯತ್ತೆ ಚಾಪೆ ಹಾಸಿ, ಬೋರ್ಡಿನ ಮೇಲೆ ಪಾಠ ಬರೆದು, ಕಿಟಕಿಯ ಹತ್ತಿರ ನಿಂತಿದ್ದಳು. ಸಾಕರ್ ಪ್ರಾಕ್ಟೀಸಂತೆ, ಜ್ವರವಂತೆ ಎಂದು ಅಮ್ಮ ಏನೇನೋ ಹೇಳಿದಳು. ಅದರ ಮುಂದಿನ ವಾರವೂ ಜಯತ್ತೆ ಚಾಪೆ ಹಾಸಿದಳು. ಅವತ್ತು ಅಮ್ಮ ಅಡುಗೆಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಚಪಾತಿ ಲಟ್ಟಿಸುತ್ತಿದ್ದಾಗ ಸುಮಾ ಆಂಟಿಯ ದನಿ ಹಾಲಿನವರೆಗೂ ಕೇಳಿಸಿತು: 'ಸೇಲ್ಸ್‌ಗರ್ಲನ್ನ ಟೀಚರ್ ಅಂತ ನಂಬಿಸಿದ್ರಲ್ಲ, ನಮ್ಮ ಮಕ್ಕಳೇನು ತಮಾಷೆನಾ?' ಜಯತ್ತೆ ಬೋರ್ಡನ್ನು ಒರೆಸಿದಳು. ಚಾಪೆ ಸುತ್ತಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಗಟ್ಟಿಯಾಗಿ ಕೈ ಹಿಡಿದುಕೊಂಡು, 'ಸುಮಾಗೆ ಯಾರು ಹೇಳಿದ್ದು ಕೂಸೇ?' ಎಂದು ಕೇಳಿದಳು. ಅವಳ ಕಣ್ಣಿನಲ್ಲಿ ನನ್ನ ಮೇಲೆ ಒಂದಿಷ್ಟೂ ಅನುಮಾನವಿರಲಿಲ್ಲ.

'ಅಪ್ಪ' ಎಂದೆ. ಅದು ಸಾಲದೇನೋ ಎನ್ನಿಸಿ, 'ನಗ್ತಾ ನಗ್ತಾ ಹೇಳಿದ್ರು' ಎಂದು ಸೇರಿಸಿದೆ.

ಆ ವಾರವೇ ಟಿಕೆಟ್ ಬದಲಾಯಿಸಿಕೊಂಡು ಹೊರಟುಬಿಟ್ಟಳು. ಏರ್‌ಪೋರ್ಟಿನಲ್ಲಿ ನನ್ನನ್ನು ಅಪ್ಪಿಕೊಂಡು ಮುದ್ದಿಟ್ಟಳು, ಅಪ್ಪನ ಮುಖ ನೋಡಲಿಲ್ಲ. ಅಪ್ಪ ಪ್ರತಿ ಭಾನುವಾರ ಕಾಲ್ ಮಾಡುತ್ತಿದ್ದರು, ಅವಳು ಎತ್ತುತ್ತಿರಲಿಲ್ಲ. ಎರಡು ಸಲ ಮೈಸೂರಿಗೆ ಹೋಗಿ ಬಾಗಿಲು ತಟ್ಟಿ ವಾಪಸು ಬಂದರು. ಆರನೆಯ ವರ್ಷ ಅವಳು ತೀರಿಕೊಂಡ ಸುದ್ದಿ ಬಂತು, ಅದೂ ಪಕ್ಕದ ಮನೆಯವರಿಂದ.

ಇಸ್ಸಾಕ್ವಾದ ಮನೆ ಮಾರಿದ ವಾರ ನಾನೂ ಅಪ್ಪನೂ ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದೆವು. ಅಪ್ಪ ಕೆಲಸ ನಿಲ್ಲಿಸಿ ನೆಲದ ಮೇಲೆ ಕೂತರು. 'ನಾನೇನ್ ತಪ್ ಮಾಡ್ದೆ ಅಂತ ಅಕ್ಕ ಒಂದ್ಸಲನಾದ್ರೂ ಹೇಳ್ಬಹುದಿತ್ತು' ಎಂದರು. ನನ್ನ ಮುಖ ನೋಡಿ, 'ನಿನ್ ಹತ್ರ ಏನಾದ್ರೂ ಅಂದಿದ್ಲಾ?' ಎಂದು ಕೇಳಿದರು.

'ಇಲ್ಲಪ್ಪ' ಎಂದೆ ನಾನು, ಟೇಪು ಹರಿದು ಡಬ್ಬದ ಬಾಯಿ ಮುಚ್ಚಿದೆ.