ಹಳದಿ ಕಾಗದದ ಕನ್ನಡಕ

ಜಿಲೇಟಿನ್ ಕಾಗದ ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಸುಟ್ಟ ಪ್ಲಾಸ್ಟಿಕ್ಕಿನದೂ ಅಲ್ಲ, ಅಂಟಿನದೂ ಅಲ್ಲ, ಎರಡರ ನಡುವಿನ ಒಂದು ಸಿಹಿ ಕಮಟು. ಹೋದ ತಿಂಗಳು ಶಿರಸಿಯಲ್ಲಿ ಮಗಳ ಶಾಲೆಯ ಗ್ಯಾದರಿಂಗಿನ, ಎಂದರೆ ವಾರ್ಷಿಕೋತ್ಸವದ, ತಾಲೀಮು ನೋಡಲು ಹೋಗಿದ್ದೆ. ಬೆಳಗಿನ ಹನ್ನೊಂದು ಗಂಟೆ ಇರಬಹುದು. ವೇದಿಕೆಯ ದೀಪಗಳಿಗೆ ಯಾರೋ ಹಳದಿ ಜಿಲೇಟಿನ್ ಕಾಗದ ಸುತ್ತಿ, ಬಣ್ಣ ಹೇಗೆ ಬೀಳುತ್ತದೆ ಎಂದು ಹಚ್ಚಿ ನೋಡುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಹೊರಗೆ ಓಡಿದೆ. ನಳದ ಹತ್ತಿರ ಓಕರಿಸಿ, ಬಾಯಿ ಮುಕ್ಕಳಿಸಿ ಕಟ್ಟೆಯ ಮೇಲೆ ಕೂತೆ. ಅಲ್ಲಿದ್ದ ಇನ್ನೊಬ್ಬ ಹುಡುಗಿಯ ತಾಯಿ, "ಪಿತ್ತ ಆಯ್ತಾ?" ಎಂದು ಕೇಳಿದರು. ಹೌದು ಎಂದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ. ಅದನ್ನು ಕಲಿತದ್ದೂ ಇದೇ ವಾಸನೆಯ ಪಕ್ಕದಲ್ಲಿ, ಅಕ್ಕೋರ ಎದುರಿಗೆ.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ನಮ್ಮ ಶಾಲೆಗೆ ಅವರೊಬ್ಬರೇ ಅಕ್ಕೋರು. ಇಡಗುಂದಿಯಿಂದ ಇನ್ನೂ ಒಳಗೆ, ನಾಲ್ಕು ಕಿಲೋಮೀಟರ್ ನಡೆದರೆ ಸಿಗುವ ಶಾಲೆ ಅದು. ಅವರ ಊರು ಸೋಂದಾ. ಶನಿವಾರ ಮಧ್ಯಾಹ್ನ ಊರಿಗೆ ಹೋದವರು ಸೋಮವಾರ ಬರುವಾಗ ಡಬ್ಬಿಯಲ್ಲಿ ತೊಡೆದೇವು ತರುತ್ತಿದ್ದರು. ಕಾಗದದಷ್ಟು ತೆಳುವಾದ ಆ ಸಿಹಿಯನ್ನು ಮುರಿದು, ಚೂರೂ ಹೆಚ್ಚುಕಡಿಮೆಯಾಗದಂತೆ ಮೂವತ್ತು ಮಕ್ಕಳಿಗೂ ಹಂಚುತ್ತಿದ್ದರು. ಬೆತ್ತ ಅವರ ಕೈಯಲ್ಲಿ ನಾನು ಕಂಡದ್ದಿಲ್ಲ. ಇಷ್ಟೆಲ್ಲ ಒಳ್ಳೆಯತನ ಇದ್ದದ್ದರಿಂದಲೇ ಅವರ ಮೇಲಿನ ಸಿಟ್ಟನ್ನು ಎಲ್ಲಿ ಇಡಬೇಕೆಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ.

ನಾಲ್ಕನೇ ಇಯತ್ತೆಗೆ ಬಂದರೂ ನನಗೆ ಓದಲು ಬರುತ್ತಿರಲಿಲ್ಲ. ನನ್ನ ಬೆಂಚಿನ ನಾಗವೇಣಿಗೂ ಬರುತ್ತಿರಲಿಲ್ಲ. ಓದಲು ಬಾರದ ಮಕ್ಕಳ ವಿಷಯ ಎತ್ತಿದರೆ ಸಾಕು, ಅಕ್ಷರ ಕುಣಿಯುತ್ತದೆ, ಈಜುತ್ತದೆ ಎಂದು ಜನ ಮಾತಾಡುತ್ತಾರೆ. ಬೇರೆಯವರದು ನನಗೆ ಗೊತ್ತಿಲ್ಲ. ನನ್ನ ಅಕ್ಷರಗಳು ಎಂದೂ ಕುಣಿಯಲಿಲ್ಲ. ಗೋಡೆಗೆ ಕಟ್ಟಿದ ಕಲ್ಲಿನ ಹಾಗೆ ಇದ್ದಲ್ಲೇ ಇರುತ್ತಿದ್ದವು. ಅವುಗಳ ಒಳಗಿಂದ ಸದ್ದು ಬರುತ್ತಿರಲಿಲ್ಲ, ಅಷ್ಟೆ. ಬೇರೆ ಎಲ್ಲ ಸದ್ದೂ ಬರುತ್ತಿತ್ತು. ಬಿಸಿಯೂಟದ ಕುಕ್ಕರಿನ ಸೀಟಿ, ಮಾಡಿನ ತಗಡಿನ ಮೇಲೆ ಒಣಗಿದ ಕಾಯಿ ಬಿದ್ದು ಉರುಳುವುದು, ಹಿಂದಿನ ಬೆಂಚಿನವನು ಸ್ಲೇಟು ಕೆರೆಯುವುದು, ದೂರದಲ್ಲಿ ಮರ ಕಡಿಯುವ ಕೂಪಿನಲ್ಲಿ ಲಾರಿಗೆ ನಾಟಾ ದಿಮ್ಮಿ ಏರಿಸುವವರ ಕೂಗು... ಎಲ್ಲವೂ ಒಂದೇ ಜೋರಿನಲ್ಲಿ ನನ್ನ ಮೇಲೆ ಬಂದು ಬೀಳುತ್ತಿದ್ದವು. ನಡುವೆ ಅಕ್ಕೋರ ದನಿಯನ್ನು ಹೆಕ್ಕಿಕೊಳ್ಳುವುದರಲ್ಲೇ ನಾನು ಸುಸ್ತಾಗುತ್ತಿದ್ದೆ. ಹಾಗೆ ಹೆಕ್ಕಿಕೊಂಡದ್ದು ಮಾತ್ರ ಮರೆಯುತ್ತಿರಲಿಲ್ಲ. ಎರಡು ಸಲ ಕೇಳಿದ ಪಾಠವನ್ನು ಒಪ್ಪಿಸಬಲ್ಲವಳಾಗಿದ್ದೆ.

ಅಕ್ಕೋರು ಇದನ್ನು ಕಣ್ಣಿನ ದೋಷ ಎಂದು ತೀರ್ಮಾನಿಸಿದರು. ಯಾರ ಕಣ್ಣು? ನಾಗವೇಣಿ ಮರದ ಪೊಟರೆಗೆ ತುಡುವೆ ಜೇನು ಹೋಗಿಬರುವುದನ್ನು ರಸ್ತೆಯ ಈಚೆ ಬದಿಯಿಂದಲೇ ತೋರಿಸುತ್ತಿದ್ದಳು! ಯಲ್ಲಾಪುರದಿಂದ ಕಣ್ಣಿನ ಡಾಕ್ಟರು ತಪಾಸಣೆಗೆ ಬಂದಿದ್ದರು. ಮೂರು ಹಲ್ಲಿನ ಬಾಚಣಿಕೆಯಂಥ ಗುರುತುಗಳ ಪಟ್ಟಿ ತೂಗುಹಾಕಿ, ಹಲ್ಲು ಯಾವ ಕಡೆಗಿದೆ ಎಂದು ಬೆರಳಲ್ಲಿ ತೋರಿಸಲು ಹೇಳಿದರು. ನಾವಿಬ್ಬರೂ ಕಟ್ಟಕಡೆಯ ಸಾಲಿನವರೆಗೂ ತೋರಿಸಿದೆವು. "ಇವರ ಕಣ್ಣು ನನ್ನ ಕಣ್ಣಿಗಿಂತ ಚಲೋ ಉಂಟು ಅಕ್ಕೋರೆ" ಎಂದು ಅವರು ನಕ್ಕರು. ಅಕ್ಕೋರು ನಗಲಿಲ್ಲ. ಡಾಕ್ಟರು ಇನ್ನೂ ಚಿಕ್ಕವರು, ಅನುಭವ ಸಾಲದು ಎಂದು ಆಮೇಲೆ ಅಡಿಗೆಯವರ ಹತ್ತಿರ ಹೇಳಿದರು. ಮಾರನೆಯ ದಿನದಿಂದ ನಮ್ಮಿಬ್ಬರಿಗೂ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಕಣ್ಣಿಗೆ ನಂದಿಬಟ್ಟಲ ಹೂವಿನ ರಸ. ಕಣ್ಣು ಉರಿದು ನೀರು ಇಳಿಯುತ್ತಿತ್ತು. "ಕೆಟ್ಟದ್ದೆಲ್ಲ ಹೋಗ್ತಾ ಉಂಟು, ಹೋಗ್ಲಿ" ಎಂದು ಅವರು ಸೆರಗಿನಿಂದ ಒರೆಸುತ್ತಿದ್ದರು.

ಮನೆಯಲ್ಲಿ ಅಪ್ಪ ಬೇರೆಯೇ ತೀರ್ಮಾನಕ್ಕೆ ಬಂದಿದ್ದ. ಕೂಪಿನ ಕೆಲಸದಿಂದ ಬಂದು ಕಾಲು ತೊಳೆಯುತ್ತ ಒಂದು ಸಂಜೆ ಹೇಳಿದ. "ಗ್ಯಾದರಿಂಗ್ ತನಕ ನೋಡ್ತೆ. ಅಷ್ಟ್ರೊಳಗೆ ಓದೂಕೆ ಬರ್ಲಿಲ್ಲ ಅಂದ್ರೆ ಶಾಲೆ ಸಾಕು. ಅಬ್ಬಿ ಸಂತಿಗೆ ನರ್ಸರಿಗೆ ಹೋಗು." ಅಬ್ಬಿ ಎಂದರೆ ಅಮ್ಮ, ಸಂತಿಗೆ ಎಂದರೆ ಜೊತೆಗೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿಯ ಪ್ಲಾಸ್ಟಿಕ್ ಕೊಟ್ಟೆಗೆ ಮಣ್ಣು ತುಂಬುತ್ತಿದ್ದಳು. ಅವಳ ಉಗುರುಗಳು ನನಗೆ ನೆನಪಿವೆ. ಶಾಲೆಯಲ್ಲಿ ನನಗೆ ಏನೂ ಬಾರದಿದ್ದರೂ ಶಾಲೆ ಬಿಡುವುದು ಮಾತ್ರ ಬೇಡವಾಗಿತ್ತು.

ಆ ವರ್ಷದ ಗ್ಯಾದರಿಂಗಿಗೆ ಬಣ್ಣದ ಜಿಲೇಟಿನ್ ಕಾಗದ ತರಿಸಿದ್ದರು. ಒಂದು ಮಧ್ಯಾಹ್ನ ಅದನ್ನು ಕತ್ತರಿಸುವ ಕೆಲಸ ನಮ್ಮ ಪಾಲಿಗೆ ಬಂತು. ನಾನು ಹಳದಿ ತುಂಡೊಂದನ್ನು ಕಣ್ಣಿಗೆ ಹಿಡಿದುಕೊಂಡು, ಪುಸ್ತಕ ಬಿಚ್ಚಿ, ಇರುವೆಯ ಪಾಠವನ್ನು ಅಕ್ಕೋರ ದನಿಯಲ್ಲೇ ಒಪ್ಪಿಸಿ ನಾಗವೇಣಿಯನ್ನು ನಗಿಸುತ್ತಿದ್ದೆ. ಬಾಯಿಪಾಠ ಅದು. ಹಿಂದಿನಿಂದ ಯಾರೋ ನನ್ನ ಹೆಗಲು ಹಿಡಿದರು. ಬೈಗುಳ ಬೀಳುತ್ತದೆ ಎಂದು ತಿರುಗಿದರೆ ಅಕ್ಕೋರ ಕಣ್ಣಲ್ಲಿ ನೀರು.

"ಅಕ್ಷರ ಕುಣಿಯೂದು ನಿಂತಿತನೇ ತಂಗಿ?"

ಕುಣಿಯುವ ಮಾತನ್ನು ನನಗೆ ಕೊಟ್ಟವರೇ ಅವರು. ಹೌದು ಎಂದೆ. ಅವರು ನನ್ನನ್ನು ಎದೆಗೆ ಒತ್ತಿಕೊಂಡರು. ಒಂಬತ್ತು ವರ್ಷದ ನನಗೆ ಅಷ್ಟು ಸಾಕಿತ್ತು... ಆಮೇಲಿನದೆಲ್ಲ ಆ ಒಂದು ಹೌದಿನ ಮೇಲೆ ನಡೆಯಿತು.

ಮದುವೆಯ ಕರೆಯೋಲೆಯ ದಪ್ಪ ಕಾಗದದಿಂದ ಅಕ್ಕೋರು ಚೌಕಟ್ಟು ಕತ್ತರಿಸಿದರು. ಗಾಜಿನ ಜಾಗಕ್ಕೆ ಹಳದಿ ಜಿಲೇಟಿನ್ ಅಂಟಿಸಿದರು. ಕಿವಿಗೆ ಸಿಕ್ಕಿಸಲು ದಾರ. ಗ್ಯಾದರಿಂಗಿನ ದಿನ ನೃತ್ಯ ಶುರುವಾಗುವ ಮೊದಲು ನನಗೆ ಆ ಕನ್ನಡಕ ಹಾಕಿಸಿ ವೇದಿಕೆಗೆ ಹತ್ತಿಸಿದರು. ಕೈಯಲ್ಲಿ ಪುಸ್ತಕ. ಇರುವೆಯ ಪಾಠವನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಹಾಳೆಯನ್ನು ಒಂದು ವಾಕ್ಯ ಮೊದಲೇ ತಿರುಗಿಸಿದೆ, ಯಾರಿಗೂ ತಿಳಿಯಲಿಲ್ಲ. ಚಪ್ಪಾಳೆ ಬಿತ್ತು. ಮುಖ್ಯ ಅತಿಥಿಗಳು ಎದ್ದು ಬಂದು ನನ್ನ ಗಲ್ಲ ಹಿಂಡಿ, ಅಡಿಕೆ ಜಗಿಯುವ ಬಾಯಿಯನ್ನು ನನ್ನ ಮುಖಕ್ಕೇ ತಂದು, "ಪಾಪದ ಕೂಸು ನೋಡಿ" ಎಂದು ಸಭೆಗೆ ತೋರಿಸಿದರು. ಆ ದೊಡ್ಡವರಲ್ಲಿ ಒಬ್ಬರಾದರೂ ಬೇರೊಂದು ಪುಟ ತೆಗೆದು ಇದನ್ನು ಓದು ಎನ್ನಬಾರದಿತ್ತೆ? ಯಾರಿಗೂ ಬೇಕಾಗಿರಲಿಲ್ಲ. ಅವರಿಗೆ ಕಣ್ಣೊರೆಸಿಕೊಳ್ಳಲು ಒಂದು ದೃಶ್ಯ ಬೇಕಿತ್ತು, ಸಿಕ್ಕಿತು. ಯಾರೋ ಒಬ್ಬರು ತಮ್ಮ ಅಜ್ಜಿಗೂ ಅಂಥದೊಂದು ಕನ್ನಡಕ ಮಾಡಿಸಿಕೊಂಡು ಹೋದರು. ನೆನೆದರೆ ಹೇಸಿಗೆಯಾಗುತ್ತದೆ. ಸಭೆಯ ಹಿಂದೆ ನಿಂತಿದ್ದ ಅಪ್ಪ ಮಾತ್ರ ಶಾಲೆಗೆ ಒಯ್ಯಲು ಹೊಸ ಪಾಟಿಚೀಲ ಕೊಡಿಸಿದ.

ಮಾರನೆಯ ದಿನ ನಾಗವೇಣಿ ಕೇಳಿದಳು. "ನಿಂಗೆ ಖರೇ ಓದೂಕೆ ಬತ್ತದೇನೆ ಅದ್ರಲ್ಲಿ?"

ಅವಳೊಬ್ಬಳಿಗಾದರೂ ನಿಜ ಹೇಳಬಹುದಿತ್ತು. ಅವಳು ಯಾರಿಗೂ ಹೇಳುವವಳಲ್ಲ. ಆದರೆ ಬಾಯಿ ತಪ್ಪಿ ಅಪ್ಪನ ಕಿವಿಗೆ ಬಿದ್ದರೆ ಎಂಬ ಹೆದರಿಕೆ. "ಖರೇ ಬತ್ತದೆ" ಎಂದೆ.

ಅಕ್ಕೋರು ಅವಳಿಗೂ ಒಂದು ಮಾಡಿದರು. ಮೊದಲ ವಾರ ಅವಳು ನನಗಿಂತ ಹುರುಪಿನಲ್ಲಿ ಹಾಕಿಕೊಂಡಳು. ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಅವಳಿಗೆ ನನ್ನ ಹಾಗೆ ಬಾಯಿಪಾಠವೂ ಬರುತ್ತಿರಲಿಲ್ಲ. ಬೆಳಕು ಸಾಲದೇನೋ ಎಂದು ಅಕ್ಕೋರು ಅವಳನ್ನು ಕಿಟಕಿಯ ಬಳಿ, ಬಿಸಿಲು ಬೀಳುವಲ್ಲಿ ಕೂರಿಸಿದರು. ಎಂದೂ ಗದರದ ಅಕ್ಕೋರು ಅವಳೊಬ್ಬಳಿಗೆ ಗದರತೊಡಗಿದರು. "ಅವಳಿಗೆ ಆದದ್ದು ನಿಂಗೆ ಎಂತಕ್ಕೆ ಆಗೂದಿಲ್ಲ? ಕಣ್ಣಲ್ಲ, ನಿಂಗೆ ಮನಸ್ಸೇ ಇಲ್ಲ." ನನ್ನನ್ನು ತೋರಿಸಿ ತೋರಿಸಿ ಹೇಳುತ್ತಿದ್ದರು. ನಾನು ನನ್ನ ಕನ್ನಡಕ ಸರಿಮಾಡಿಕೊಂಡು ಪುಸ್ತಕದ ಮೇಲೆ ಬಗ್ಗುತ್ತಿದ್ದೆ.

ಮಾರ್ಚ್ ತಿಂಗಳ ಸೆಕೆ. ಅವಳ ಕೆನ್ನೆಗೆ ಬೆವರು ಇಳಿದು ಕಾಗದ ಅಂಟಿಕೊಂಡಿತ್ತು. ಬಿಸಿಲಿಗೆ ಅಂಟು ಕರಗಿ ಆ ಸಿಹಿ ಕಮಟು ವಾಸನೆ ಎರಡು ಬೆಂಚಿನಾಚೆಗೂ ಬರುತ್ತಿತ್ತು. ವಾಸನೆಗೆ ಅವಳು ಮೊದಲಿಂದಲೂ ಸೂಕ್ಷ್ಮ, ಸೀಮೆಎಣ್ಣೆಯ ಡಬ್ಬಿ ಬಿಚ್ಚಿದರೂ ಮೂಗು ಮುಚ್ಚಿಕೊಳ್ಳುವವಳು. ಅವತ್ತು ಅಕ್ಕೋರು ಅವಳನ್ನು ನಿಲ್ಲಿಸಿ ಇರುವೆಯ ಪಾಠವನ್ನೇ ಓದಲು ಹೇಳಿದರು. ಅವಳು ಒಂದು ಅಕ್ಷರವನ್ನು ಹೇಳಿದಳು. ಇನ್ನೊಂದನ್ನು ಹೇಳಲು ಬಾಯಿ ತೆರೆದವಳು ಪುಸ್ತಕದ ಮೇಲೆಯೇ ವಾಂತಿ ಮಾಡಿಕೊಂಡಳು. ಇಡೀ ವರ್ಗ ಹೋ ಎಂದು ನಕ್ಕಿತು. ನಾನೂ ನಕ್ಕೆ. ಅವಳು ಯಾರ ಮುಖವನ್ನೂ ನೋಡದೆ ತನ್ನ ಲಂಗದಿಂದಲೇ ಪುಸ್ತಕ ಒರೆಸಿ, ಬೆಂಚು ಒರೆಸಿ, ಕನ್ನಡಕವನ್ನು ಮಡಚಿ ಅಕ್ಕೋರ ಮೇಜಿನ ಮೇಲಿಟ್ಟು ಹೋದಳು. ಮತ್ತೆ ಬರಲಿಲ್ಲ. ನರ್ಸರಿಯಲ್ಲಿ ಅಬ್ಬಿಯ ಪಕ್ಕದಲ್ಲಿ ಕೂತು ಕೊಟ್ಟೆಗೆ ಮಣ್ಣು ತುಂಬತೊಡಗಿದ್ದಾಳೆ ಎಂದು ಅಬ್ಬಿಯೇ ಮನೆಯಲ್ಲಿ ಹೇಳಿದಳು. ನನಗಾಗಿ ಇಟ್ಟಿದ್ದ ಜಾಗ ಅದು...

ನಾನು ಬಾಯಿಪಾಠದ ಬಲದಿಂದ ಹತ್ತನೆಯವರೆಗೆ ಏಗಿದೆ. ಅಲ್ಲಿ ನಪಾಸಾಗಿ ಹೊಲಿಗೆ ಕಲಿತೆ. ಈಗ ಶಿರಸಿಯಲ್ಲಿ ರವಿಕೆ ಹೊಲಿಯುತ್ತೇನೆ. ಅಳತೆಗಳನ್ನು ಬರೆದುಕೊಳ್ಳಲು ನನ್ನದೇ ಗುರುತುಗಳಿವೆ. ಮಗಳು ಎರಡನೆಯ ತರಗತಿಗೆ ಬಂದರೂ ಅವಳಿಗೂ ಓದಲು ಬರಲಿಲ್ಲ. ಅವಳ ಶಾಲೆಯವರು ಇಂಥ ಮಕ್ಕಳಿಗೆ ಕಲಿಸುವ ಒಬ್ಬರ ಹತ್ತಿರ ಕಳಿಸಿದರು. ಅವರು ಕಣ್ಣು ಸರಿಯಿದೆ ಎಂದರು. ಅಂದು ಯಲ್ಲಾಪುರದ ಡಾಕ್ಟರು ನಗುತ್ತ ಹೇಳಿದ್ದೂ ಅದೇ ಮಾತು. ನೋಡಿದ ಅಕ್ಷರಕ್ಕೂ ಕೇಳಿದ ಸದ್ದಿಗೂ ಗಂಟು ಬೀಳುವುದು ಇವಳಿಗೆ ನಿಧಾನ, ಬಣ್ಣದ ಕಾಗದದಿಂದ ಅದು ಆಗುವುದಿಲ್ಲ, ಕಲಿಸಿದರೆ ಆಗುತ್ತದೆ ಎಂದು ವಿವರಿಸಿದರು. ತಟ್ಟೆಯಲ್ಲಿ ರವೆ ಹರಡಿ, ಬೆರಳಲ್ಲಿ ಅಕ್ಷರ ತೀಡಿಸುತ್ತ, ಬಾಯಲ್ಲಿ ಅದರ ಸದ್ದು ಹೇಳಿಸುತ್ತಿದ್ದರು. ಮಗಳ ಪಕ್ಕ ಕೂತು ನಾನೂ ತೀಡಿದೆ. ಮೂವತ್ತನಾಲ್ಕನೆಯ ವಯಸ್ಸಿಗೆ ಒಂದು ಅಂಗಡಿಯ ಬೋರ್ಡನ್ನು ನಾನಾಗಿ ಓದಿದೆ. ಖುಷಿಗಿಂತ ಮೊದಲು ಬಂದದ್ದು ಸಿಟ್ಟು.

ಆ ಸಿಟ್ಟನ್ನು ಕಟ್ಟಿಕೊಂಡೇ ಸೋಂದೆಗೆ ಹೋದೆ. ಅಕ್ಕೋರು ತಮ್ಮನ ಮನೆಯಲ್ಲಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗೆ ಹೋಗಿ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ದನಿಯಿಂದಲೇ ನನ್ನ ಗುರುತು ಹಿಡಿದರು. ಬಹಳ ಸಂತೋಷಪಟ್ಟರು. ಪತ್ರಿಕೆ ಕೈಗೆ ಕೊಟ್ಟು, "ಓದೇ ತಂಗಿ, ನಿನ್ನ ಬಾಯಲ್ಲಿ ಕೇಳ್ಬೇಕು" ಎಂದರು. ಓದಿದೆ. ಒಂದೊಂದೇ ಅಕ್ಷರ ಹಿಡಿದು, ತಪ್ಪಿ, ಹಿಂದೆ ಹೋಗಿ, ಮೂರು ಸಾಲಿಗೆ ಒಂದು ಚಹಾ ಆರುವಷ್ಟು ಹೊತ್ತು.

"ಎಂತ ಆಯ್ತೇ? ಹಳದಿ ಚಸ್ಮಾ ಬಿಟ್ಟು ಬಂದ್ಯಾ?" ಎಂದು ನಕ್ಕರು.

ಹೇಳಿಬಿಟ್ಟೆ. ಬಾಯಿಪಾಠ, ಹೌದು ಎಂದದ್ದು, ಹಾಳೆ ತಿರುಗಿಸಿದ್ದು, ಎಲ್ಲ. ಅವರು ಅಳುತ್ತಾರೆ, ನನ್ನ ಬಾಲ್ಯಕ್ಕಾಗಿ ನನ್ನ ಕೈ ಹಿಡಿಯುತ್ತಾರೆ ಎಂದು ಕಾದಿದ್ದೆ. ಅಕ್ಕೋರು ಪತ್ರಿಕೆಯನ್ನು ತಡವಿ ತೆಗೆದುಕೊಂಡು ಮಡಚಿಟ್ಟರು. ಆಮೇಲೆ ಶಾಲೆಯ ಮಾತು ಮರೆತು ಮನೆಮಾತಿನಲ್ಲಿ ಕೇಳಿದರು.

"ಹಂಗಾರೆ... ಆ ಇನ್ನೊಂದು ಕೂಸು? ಅದು ಈಗ ಎಲ್ಲಿದ್ದು?"

ನನಗೆ ಗೊತ್ತಿತ್ತು. ಆರು ತಿಂಗಳ ಹಿಂದೆ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ನೋಡಿದ್ದೆ. ಬಂದ ಪ್ರತಿ ಬಸ್ಸಿನ ಹತ್ತಿರ ಹೋಗಿ, "ಇದು ಎಲ್ಲಿಗೆ ಹೋಗ್ತದ್ರಾ?" ಎಂದು ಕೇಳುತ್ತಿದ್ದಳು. ಒಬ್ಬ ಕಂಡಕ್ಟರ್, "ಬೋರ್ಡ್ ಕಾಣೂದಿಲ್ವಾ, ಕಣ್ಣಿಲ್ವಾ?" ಎಂದು ರೇಗಿದ. ಅವಳು ಹಿಂದೆ ಸರಿದು ನಿಂತಳು. ನಾನು ಸೆರಗನ್ನು ತಲೆಯ ಮೇಲೆಳೆದುಕೊಂಡು ಕಂಬದ ಆಚೆಗೆ ಹೋದೆ. ಅಕ್ಕೋರಿಗೆ, "ಗೊತ್ತಿಲ್ಲ" ಎಂದೆ.

"ಹುಡುಕು ಮಾರಾಯ್ತಿ. ಒಂದ್ಸಲ ಕರ್ಕಂಡು ಬಾ. ಆನು ಅದಕ್ಕೆ ಹೇಳವು" ಎಂದರು. ಅವಳಿಗೆ ತಾವೇ ಹೇಳಬೇಕಂತೆ. ಗೇಟಿನವರೆಗೆ ಗೋಡೆ ಸವರಿಕೊಂಡು ಬಂದು ಅದನ್ನೇ ಇನ್ನೊಮ್ಮೆ ಹೇಳಿದರು. ಕರೆದುಕೊಂಡು ಬರುತ್ತೇನೆ ಎಂದೆ. ಹಬ್ಬ ಮುಗಿಯಲಿ, ಹೊಲಿಗೆಯ ರಾಶಿ ಮುಗಿಯಲಿ ಎಂದು ದಿನ ನೂಕಿದೆ. ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು.

ಇಷ್ಟು ವರ್ಷ ಅವರನ್ನು ನೆನೆದು ಹೇಸಿಕೊಂಡು ಬದುಕಿದ್ದೆ. ನಿಜ ತಿಳಿದ ಕ್ಷಣದಲ್ಲಿ ಅವರು ಕೇಳಿದ್ದು ನಾಗವೇಣಿಯನ್ನು. ಇಪ್ಪತ್ತೈದು ವರ್ಷದಿಂದ ನಿಜ ಗೊತ್ತಿದ್ದ ನಾನು ಕಂಬದ ಹಿಂದೆ ನಿಂತಿದ್ದೆ. ತಾಲೀಮಿನ ದಿನ ನಳದ ಹತ್ತಿರ ನನಗೆ ಬಂದ ಓಕರಿಕೆ ಜಿಲೇಟಿನ್ ಕಾಗದದ್ದು ಮಾತ್ರ ಆಗಿರಲಿಲ್ಲ.

ತಾಲೀಮಿನಿಂದ ಮನೆಗೆ ಬಂದು ಇದನ್ನು ಬರೆಯಲು ಕೂತೆ. ಕ್ಷಮೆ ಕೇಳಿದಂತಾಗುತ್ತದೆ ಎಂದುಕೊಂಡಿದ್ದೆ. ನನ್ನ ಕೈಯಿಂದಲೇ, ದಿನಕ್ಕೆ ಅರ್ಧ ಪುಟದಂತೆ ಬರೆದಿದ್ದೇನೆ, ತಪ್ಪುಗಳನ್ನು ಈಗ ಓದಿನಲ್ಲಿ ನನಗಿಂತ ಮುಂದೆ ಹೋಗಿರುವ ಮಗಳು ತಿದ್ದಿದ್ದಾಳೆ. ಈಗ ಮುಗಿಸುವ ಹೊತ್ತಿಗೆ ಹೊಳೆಯುತ್ತಿದೆ, ನಾಗವೇಣಿ ಇದನ್ನು ಓದಲಾರಳು. ನಾನು ಓದಲಾರದವಳಿಗೆ ಕಾಗದ ಬರೆದು ಕೂತಿದ್ದೇನೆ. ಅಕ್ಕೋರು ಹೇಳಬೇಕೆಂದಿದ್ದ ಮಾತು ಅವರ ಜೊತೆಗೇ ಹೋಯಿತು. ನನ್ನ ಮಾತನ್ನು ಮಾತ್ರ ನಾನೇ ಯಲ್ಲಾಪುರಕ್ಕೆ ಹೋಗಿ, ಅವಳ ಎದುರು ನಿಂತು, ಬಾಯಲ್ಲೇ ಹೇಳಬೇಕು.