ಲೀಲಕ್ಕ ಬಂದಾಗ ಅತ್ತೆ ಹಾಡುತ್ತಿದ್ದರು

ಇಂಥ ಕತೆಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಒಳಗೆ ಹೋಗುವವಳು. ಸತ್ತವರ ದನಿ ಕೇಳಿಸಿತು, ಹೋದವರು ಕನಸಿನಲ್ಲಿ ಬಂದು ಹೀಗೆಂದರು ಎಂದೆಲ್ಲ ನೆಂಟರು ಶುರುಮಾಡಿದ ಕೂಡಲೇ ನನಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಎದುರಿಗೆ ವಾದ ಮಾಡುತ್ತಿರಲಿಲ್ಲ, ಆದರೆ ನಂಬುತ್ತಲೂ ಇರಲಿಲ್ಲ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವು ನಂಬಲೇಬೇಕೆಂದು ಕೇಳುವುದಿಲ್ಲ. ನಾನಾದರೂ ಪೂರ್ತಿ ನಂಬಿದ್ದೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ನನ್ನ ಕೆಲಸ ಚಿಕ್ಕಮಗಳೂರಿನಲ್ಲಿ, ಕಾಫಿ ಬೀಜದ ಸಿಪ್ಪೆ ತೆಗೆದು ಹಸನುಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ. ಎಸ್ಟೇಟುಗಳಿಂದ ಬಂದ ಬೀಜದ ಸ್ಯಾಂಪಲ್ ಹುರಿದು, ಪುಡಿಮಾಡಿ, ಬಿಸಿನೀರು ಹಾಕಿ, ಚಮಚದಲ್ಲಿ ಹೀರಿ ರುಚಿ ನೋಡುವುದು. ಒಂದೇ ಬೀಜ, ಒಂದೇ ಹದದ ಹುರಿತ, ಒಂದೇ ನೀರು ಇದ್ದರೆ ಮೇಜಿನ ಮೇಲಿನ ಎಲ್ಲ ಲೋಟಗಳಲ್ಲೂ ರುಚಿ ಒಂದೇ ಇರಬೇಕು. ಒಂದು ಲೋಟ ಬೇರೆಯಾಯಿತೆಂದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ. ಸಂಗೀತವೂ ನನಗೆ ಹಾಗೇ ಇರಬೇಕಿತ್ತು. ಬೆಳಿಗ್ಗೆ ಮೂಡಿಗೆರೆಯಲ್ಲಿ ಬಸ್ಸು ಹತ್ತಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ನಿನ್ನೆ ಕೇಳಿದ ಆಲಾಪನೆ ಇವತ್ತೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಬರುತ್ತಿತ್ತು. ಅದರಲ್ಲೇ ನನಗೆ ನೆಮ್ಮದಿ. ಕಛೇರಿಗೆ ಹೋಗಿ ಕೂತರೆ ಮೈಕು ಕಿರುಚುತ್ತದೆ, ಪಕ್ಕದವರು ಕೆಮ್ಮುತ್ತಾರೆ, ಹಿಂದಿನ ಸಾಲಿನವರು ಫೋನಿನಲ್ಲಿ ಶುಂಠಿ ರೇಟು ವಿಚಾರಿಸುತ್ತಾರೆ, ಹಾಡುವವರಿಗೆ ಅದೇ ದಿನ ಗಂಟಲು ಕಟ್ಟಿರುತ್ತದೆ.

ನಮ್ಮ ಅತ್ತೆ ಪಾರ್ವತಮ್ಮನವರ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಮೂಡಿಗೆರೆಯ ಪೇಟೆಬೀದಿಯಲ್ಲಿ ಕೆಳಗೆ ನಮ್ಮ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ತೋಟಕ್ಕೆ ಬೇಕಾದ ಪೈಪು, ಸ್ಪ್ರೇಯರು, ಮೋಟಾರಿನ ಬಿಡಿಭಾಗಗಳನ್ನು ಮಾರುತ್ತೇವೆ. ಅತ್ತೆ ವೇದಿಕೆ ಹತ್ತಿದವರಲ್ಲ. ಗೃಹಪ್ರವೇಶ, ನಾಮಕರಣ, ಶಿವರಾತ್ರಿಯ ಜಾಗರಣೆ, ಹೀಗೆ ನಾಲ್ಕು ಜನ ಸೇರಿದ ಕಡೆ ಚಾಪೆಯ ಮೇಲೆ ಕೂತು ಹಾಡಿದವರು. ನಾನು ಸ್ಪೀಕರಿನಲ್ಲಿ ಯಾರದಾದರೂ ದೊಡ್ಡವರ ಹಾಡು ಹಾಕಿದರೆ ಸ್ವಲ್ಪ ಹೊತ್ತು ತಲೆದೂಗಿ, ಆಮೇಲೆ ಮೆಲ್ಲಗೆ ಎದ್ದು ಹೋಗುತ್ತಿದ್ದರು. ಚೆನ್ನಾಗಿಲ್ಲವೇ ಎಂದು ಒಮ್ಮೆ ಕೇಳಿದೆ.

"ಚೆನ್ನಾಗೇ ಹಾಡ್ತಾರೆ ಮಾರಾಯ್ತಿ. ಆದ್ರೆ ನಾನಿಲ್ಲಿ ಕೂತಿರೋದು ಅವ್ರಿಗೆ ಗೊತ್ತೇ ಇಲ್ವಲ್ಲ."

ಅದು ಅವರಿಗೆ ಯಾಕೆ ಗೊತ್ತಿರಬೇಕು ಎಂದು ನಾನು ನಕ್ಕೆ. ನಮ್ಮ ಮನೆಯಲ್ಲಿ ಅತ್ತೆ-ಸೊಸೆಗೆ ಜಗಳವೆಂದು ಇದ್ದದ್ದು ಇದೊಂದೇ. ಅವರೆಕಾಯಿ ಸುಲಿಯುತ್ತ, ಹಪ್ಪಳ ಒಣಗಿಸುತ್ತ ವರ್ಷಗಟ್ಟಲೆ ಅದನ್ನೇ ಆಡಿದ್ದೇವೆ. ಇಬ್ಬರೂ ಸೋಲಲಿಲ್ಲ. ಸೋಲಿಸಬೇಕೆಂಬ ಆಸೆಯೂ ಇದ್ದಂತಿರಲಿಲ್ಲ.

ಒಂದು ರಜೆಯ ದಿನ ನಾನು ಅಂಗೈಯಗಲದ ರೆಕಾರ್ಡರ್ ತಂದು ಅವರ ಮುಂದಿಟ್ಟೆ. ಆ ಬೆಂಕಿಪೊಟ್ಟಣದ ಎದುರು ಹಾಡುವುದೆಂದರೆ ಗೋಡೆಗೆ ಹಾಡಿದ ಹಾಗೆ, ತನ್ನ ಕೈಲಾಗದು ಎಂದು ಅತ್ತೆ ಮುಖ ತಿರುಗಿಸಿದರು. ಬಹಳ ಹೊತ್ತು ಪುಸಲಾಯಿಸಿದ ಮೇಲೆ ಒಂದು ಷರತ್ತು ಹಾಕಿದರು.

"ನೀನು ಎದುರಿಗೆ ಕೂತ್ಕೊ. ನಿಂಗೆ ಹಾಡ್ತೀನಿ. ಅದು ಬೇಕಾದ್ರೆ ಕೇಳಿಸ್ಕೊಳ್ಲಿ."

ಹಾಗೇ ಕೂತೆ. ಅವರು ಶ್ರುತಿಪೆಟ್ಟಿಗೆ ಹಾಕಿಕೊಂಡು, ತಮ್ಮ ತಾಯಿ ಕಲಿಸಿದ್ದ ಶಿವನ ಮೇಲಿನ ಹಾಡೊಂದನ್ನು ಹಾಡಿದರು. ಯಾರು ಕಟ್ಟಿದ ಹಾಡೋ, ಅವರಿಗೂ ಗೊತ್ತಿರಲಿಲ್ಲ. ಮೊದಲಿಗೆ ಗಂಟಲು ಸರಿಮಾಡಿಕೊಂಡದ್ದು, ಪಲ್ಲವಿಯ ನಡುವೆ ಕೆಳಗೆ ಸರ್ಕಾರಿ ಬಸ್ಸು ಹಾರ್ನ್ ಹೊಡೆದದ್ದು, ಮೊದಲ ಚರಣದ ಕೊನೆಗೆ ಅಡುಗೆಮನೆಯ ಕುಕ್ಕರು ಕೂಗಿದಾಗ ಅವರು ಹಾಡುತ್ತಲೇ ನಕ್ಕದ್ದು, ಎಲ್ಲವೂ ಅದರಲ್ಲಿ ಸೇರಿಕೊಂಡವು. ಇನ್ನೊಮ್ಮೆ ಹಾಡಿ ಎಂದರೆ ಒಪ್ಪಲಿಲ್ಲ.

ಎರಡು ಮಳೆಗಾಲ ಕಳೆಯುವುದರೊಳಗೆ ಅತ್ತೆ ತೀರಿಕೊಂಡರು. ಜ್ವರವೆಂದು ಮಲಗಿದವರು ಏಳಲಿಲ್ಲ. ಎಷ್ಟೋ ತಿಂಗಳು ನನಗೆ ಆ ಹಾಡು ಹಾಕುವ ಧೈರ್ಯ ಬರಲಿಲ್ಲ. ಒಮ್ಮೆ ಹಾಕಿದ ಮೇಲೆ ಬಿಡಲಾಗಲಿಲ್ಲ. ಭಾನುವಾರ ಅಂಗಡಿಗೆ ರಜ. ಮಧ್ಯಾಹ್ನದ ಊಟವಾಗಿ, ವಾರದ ಬಟ್ಟೆ ಮಡಚಲು ಕೂತಾಗ ಸ್ಪೀಕರಿಗೆ ಪೆನ್‌ಡ್ರೈವ್ ಸಿಕ್ಕಿಸಿ ಹಾಡು ಹಾಕುವುದು ನನ್ನ ರೂಢಿಯಾಯಿತು. ನಮ್ಮ ಮನೆಯವರು ಬೇಡವೆನ್ನಲಿಲ್ಲ. ಹಾಡು ಶುರುವಾದಾಗ ಪೇಪರನ್ನು ಸ್ವಲ್ಪ ಮೇಲೆತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು, ಅಷ್ಟೇ. ಕೇಳಿ ಕೇಳಿ ಆ ಹಾಡಿನ ಒಂದೊಂದು ಉಸಿರೂ ನನಗೆ ಬಾಯಿಪಾಠವಾಗಿತ್ತು. ಎಲ್ಲಿ ಬಸ್ಸು, ಎಲ್ಲಿ ಕುಕ್ಕರು, ಎಲ್ಲಿ ಬಳೆಯ ಸದ್ದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ.

ಹೂಮಳೆ ಬಿದ್ದು, ಕಾಫಿ ಅರಳಿ, ತೋಟಗಳೆಲ್ಲ ಬೆಳ್ಳಗಾಗಿದ್ದ ವಾರವದು. ಭಾನುವಾರ ಮಧ್ಯಾಹ್ನ. ಸೆಖೆಗೆ ಮೆಟ್ಟಿಲ ಕಡೆಯ ಬಾಗಿಲು ತೆರೆದಿಟ್ಟಿದ್ದೆ. ಇವರು ಕಿಟಕಿಯ ಹತ್ತಿರ ಪೇಪರು ಹಿಡಿದಿದ್ದರು. ನಾನು ದುಪ್ಪಟಿಯೊಂದನ್ನು ಮಡಚುತ್ತಿದ್ದೆ. ಅತ್ತೆ ಮೊದಲ ಚರಣದ ಕೊನೆಗೆ ಬಂದಿದ್ದರು. ಇನ್ನೇನು ಕುಕ್ಕರು ಕೂಗಬೇಕು.

ಕೂಗಲಿಲ್ಲ. ಹಾಡು ನಿಂತಿತು.

ಕರೆಂಟು ಹೋದಾಗ ತುಂಡಾಗುವ ಹಾಗಲ್ಲ. ಹಾಡುವವರು ತಾವಾಗಿ ನಿಲ್ಲಿಸಿದ ಹಾಗೆ. ಶ್ರುತಿ ಹಾಗೇ ಮೊರೆಯುತ್ತಿತ್ತು. ಆ ಶ್ರುತಿಯ ಮೇಲೆ ಅತ್ತೆಯ ದನಿ ಮೆಲ್ಲಗೆ "ಹ್ಞಾಂ" ಎಂದಿತು, ಯಾರಿಗೋ ಕೂರಲು ಜಾಗ ಬಿಟ್ಟುಕೊಡುವಾಗ ಅನ್ನುತ್ತೇವಲ್ಲ, ಹಾಗೆ. ಆಮೇಲೆ ಪಲ್ಲವಿಯನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಿತು. ನಾನು ಬಲ್ಲ ಪಲ್ಲವಿಗಿಂತ ಇದು ನಿಧಾನವಾಗಿತ್ತು.

ದುಪ್ಪಟಿ ಕೈಯಲ್ಲೇ ಉಳಿಯಿತು. ಸ್ಪೀಕರನ್ನು ನೋಡಿದೆ, ಆಮೇಲೆ ಬಾಗಿಲ ಕಡೆ ನೋಡಿದೆ. ಅಲ್ಲಿ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದರಲ್ಲಿ ಹೊರನಾಡಿನ ಪ್ರಸಾದದ ಚೀಲ. ನಾನು ಅವರನ್ನು ಎಂದೂ ಕಂಡವಳಲ್ಲ. ಆದರೆ ಅವರ ಮುಖ ತವರಿಗೆ ಬಂದವರ ಮುಖದ ಹಾಗಿತ್ತು. ನಾನು ಏಳಹೋದರೆ ಏಳಬೇಡ, ಹಾಡಿಗೆ ಅಡ್ಡಿಯಾಗುತ್ತದೆ ಎಂಬಂತೆ ಕೈಸನ್ನೆ ಮಾಡಿ, ಬಂದು ಗೋಡೆಗೊರಗಿ ನೆಲದ ಮೇಲೆ ಕೂತು ಕಣ್ಣು ಮುಚ್ಚಿದರು. ತೊಡೆಯ ಮೇಲೆ ತಾಳ ಹಾಕತೊಡಗಿದರು.

ಯಾರೆಂದು ಕೇಳಬೇಕಿತ್ತು. ಹಾಡಿನ ನಡುವೆ ಕೇಳಲಾಗಲಿಲ್ಲ. ಎದುರಿಗೆ ಯಾರೋ ಹಾಡುತ್ತಿದ್ದಾರೆ ಎಂಬಂತೆ ನಾನೂ ಸುಮ್ಮನೆ ಕೂತೆ. ಈ ಸಲದ ಪಲ್ಲವಿಯಲ್ಲಿ ಬಸ್ಸಿನ ಹಾರ್ನ್ ಇರಲಿಲ್ಲ. ಚರಣ ಮತ್ತೆ ಬಂತು. ಅದರ ಕೊನೆಗೆ ಕುಕ್ಕರು ಕೂಗಿತು, ಅತ್ತೆ ನಕ್ಕರು, ಗೋಡೆಗೊರಗಿದ ಆ ಹೆಂಗಸೂ ನಕ್ಕರು. ಉಳಿದ ಹಾಡು ಎಂದಿನಂತೆ ಸಾಗಿ ಮುಗಿಯಿತು.

ಆಕೆ ಕಣ್ಣು ತೆರೆದು ಒಳಕೋಣೆಯ ಕಡೆ ಕತ್ತು ಚಾಚಿದರು.

"ಪಾರ್ವತಿ ಒಳಗೆ ಕೂತಿದ್ದಾಳಾ? ಹೊರಗೆ ಕರೆಯಮ್ಮ. ಲೀಲಾ ಬಂದಿದ್ದಾಳೆ ಅನ್ನು."

ಆಗ ನನಗೆ ಅರ್ಥವಾಯಿತು. ಲೀಲಕ್ಕನಿಗೆ ಅತ್ತೆ ಹೋದದ್ದು ಗೊತ್ತಿಲ್ಲ. ಮೆಟ್ಟಿಲು ಹತ್ತುತ್ತ ಗೆಳತಿಯ ದನಿ ಕೇಳಿದ್ದಾರೆ, ಗೆಳತಿ ಒಳಗಿದ್ದಾಳೆಂದು ಸಂತೋಷಪಟ್ಟಿದ್ದಾರೆ. ಆ ಸಂತೋಷವನ್ನು ನಾನು ನನ್ನ ಬಾಯಿಂದಲೇ ಕೆಡಿಸಬೇಕು. ನಮ್ಮ ಮನೆಯವರ ಕಡೆ ನೋಡಿದೆ. ಪೇಪರು ಕೆಳಗಿಟ್ಟು ಎದ್ದು ನಿಂತು ನನ್ನ ಕಡೆಗೇ ನೋಡುತ್ತಿದ್ದರು. ನಾನೇ ಲೀಲಕ್ಕನ ಪಕ್ಕಕ್ಕೆ ಸರಿದು, ಕೈ ಹಿಡಿದುಕೊಂಡು, ಅತ್ತೆ ಹೋಗಿ ಎರಡು ವರ್ಷವಾಗುತ್ತ ಬಂತೆಂದು ಹೇಳಿದೆ. ನೀವು ಕೇಳಿದ್ದು ನಾನು ಹಿಂದೆ ಮಾಡಿಟ್ಟುಕೊಂಡ ರೆಕಾರ್ಡಿಂಗ್ ಎಂದೂ ಹೇಳಿದೆ.

ಸಾವಿನ ಸುದ್ದಿಯನ್ನು ಅವರು ತಡೆದುಕೊಂಡರು. ಆ ವಯಸ್ಸಿಗೆ ಅಂಥ ಸುದ್ದಿಗಳನ್ನು ಕೇಳಿ ಗೊತ್ತಿರುತ್ತದೇನೋ. ಒಪ್ಪದೆ ಹೋದದ್ದು ಇನ್ನೊಂದು ಮಾತನ್ನು.

"ರೆಕಾರ್ಡಾ? ಇಲ್ಲಮ್ಮ. ನಾನು ಬಂದಿದ್ ನೋಡಿ ನಿಲ್ಲಿಸಿದ್ಲಲ್ಲ. ಮತ್ತೆ ಮೊದ್ಲಿಂದ ತಗೊಂಡ್ಲಲ್ಲ."

ಹಾಡು ನಡುವೆ ನಿಂತದ್ದು ವಿಚಿತ್ರವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಆ ಬಗ್ಗೆ ಬಾಯಿ ತೆರೆದೇ ಇರಲಿಲ್ಲ.

ಅಷ್ಟು ಹೊತ್ತಿಗೆ ಕೆಳಗೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ ಅವರ ಮಗಳು ಮೇಲೆ ಬಂದಳು. ಹಾಸನದಲ್ಲಿ ಮಗಳ ಮನೆ, ಲೀಲಕ್ಕ ಈಗ ಅಲ್ಲೇ ಇರುವುದು. ತಾಯಿ-ಮಗಳು ಹೊರನಾಡಿಗೆ ಹೋಗಿ, ಕಳಸ, ಬಾಳೂರಿನ ಮೇಲೆ ವಾಪಸು ಬರುತ್ತ, ಮೂಡಿಗೆರೆಯಲ್ಲಿ ಪೈಪಿನ ಅಂಗಡಿ ವಿಚಾರಿಸಿ ನಮ್ಮ ಮನೆ ಹುಡುಕಿದ್ದರು. ಲೀಲಕ್ಕ ಅತ್ತರು, ಮುಖ ತೊಳೆದುಕೊಂಡು ಬಂದರು, ನಾನು ಕೊಟ್ಟ ಕಾಫಿ ಕುಡಿಯುತ್ತ ಹಳೆಯದನ್ನು ಹೇಳಿದರು.

ಅವರ ಯಜಮಾನರು ಕುದುರೆಮುಖದ ಅದಿರಿನ ಕಂಪನಿಯಲ್ಲಿದ್ದರಂತೆ. ಹೊಸದಾಗಿ ಮದುವೆಯಾಗಿ ಕ್ವಾರ್ಟರ್ಸಿಗೆ ಬಂದ ಲೀಲಕ್ಕನಿಗೆ ಅಲ್ಲಿ ಮಾತಿಗೂ ಜನವಿರಲಿಲ್ಲ. ನಮ್ಮ ಅತ್ತೆಯ ತವರು ಕಳಸ. ಅವರಿಗಿನ್ನೂ ಮದುವೆಯಾಗಿರಲಿಲ್ಲ. ವಾರಕ್ಕೊಂದು ದಿನ ಬೀದಿಯ ಹೆಂಗಸರೆಲ್ಲ ಅತ್ತೆಯ ಮನೆಯ ಪಡಸಾಲೆಯಲ್ಲಿ ಸೇರಿ ಹಾಡುವ ಪದ್ಧತಿಯಿತ್ತಂತೆ. ಅದು ತಿಳಿದು ಲೀಲಕ್ಕ ಬಸ್ಸಿನಲ್ಲಿ ಕಳಸಕ್ಕೆ ಬರತೊಡಗಿದರು. ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನವೇ ಇಲ್ಲ. ಲೀಲಕ್ಕ ತಲುಪುವಾಗ ಹಾಡು ಅರ್ಧಕ್ಕೆ ಬಂದಿರುತ್ತಿತ್ತು. ಒಳಗೆ ಹೋಗಲು ಸಂಕೋಚಪಟ್ಟು ಬಾಗಿಲಲ್ಲೇ ನಿಲ್ಲುತ್ತಿದ್ದರು. ಅತ್ತೆ ಅದನ್ನು ಕಂಡು ಹಾಡು ನಿಲ್ಲಿಸಿ, "ಹ್ಞಾಂ" ಎಂದು ಪಕ್ಕದಲ್ಲಿ ಜಾಗ ತೋರಿಸಿ, ಲೀಲಕ್ಕನಿಗೋಸ್ಕರ ಪಲ್ಲವಿಯಿಂದ ಮತ್ತೆ ಶುರುಮಾಡುತ್ತಿದ್ದರಂತೆ. ಉಳಿದ ಹೆಂಗಸರು ಗೊಣಗಿದರೂ ಬಿಡಲಿಲ್ಲವಂತೆ. ಅತ್ತೆ ಮದುವೆಯಾಗಿ ಮೂಡಿಗೆರೆಗೆ ಬಂದ ಮೇಲೆ ಇಬ್ಬರೂ ಯಾವಾಗಲಾದರೊಮ್ಮೆ ಸಿಗುತ್ತಿದ್ದರು. ಗಣಿ ನಿಂತು ಕ್ವಾರ್ಟರ್ಸ್ ಖಾಲಿ ಮಾಡಿಕೊಂಡು ಬಳ್ಳಾರಿ ಕಡೆ ಹೋದ ಮೇಲೆ ಸಂಪರ್ಕ ತಪ್ಪಿತು. ಫೋನ್ ನಂಬರುಗಳೂ ಬದಲಾದವು.

ಇದಾವುದನ್ನೂ ಅತ್ತೆ ನನಗೆ ಹೇಳಿದ್ದಿಲ್ಲ. ಲೀಲಾ ಎಂಬ ಗೆಳತಿ ಇದ್ದಳೆಂದು ಮಾತ್ರ ಗೊತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಹಾಡನ್ನು ಇನ್ನೊಮ್ಮೆ ಹಾಕಿದೆ. ಗಂಟಲು ಸರಿಮಾಡಿಕೊಂಡ ಸದ್ದು, ಪಲ್ಲವಿ, ಬಸ್ಸು, ಚರಣ, ಕುಕ್ಕರು, ನಗು, ಒಂದೂ ತಪ್ಪದೆ ಎಂದಿನ ಕ್ರಮದಲ್ಲಿ ಬಂದವು. ಎಲ್ಲೂ ನಿಲ್ಲಲಿಲ್ಲ. ಪೆನ್‌ಡ್ರೈವಿನಲ್ಲಿ ಏನೋ ಲೂಸ್ ಇರಬೇಕೆಂದು ಇವರು ಹೇಳಿದರು. ಲೀಲಕ್ಕ ವಾದಿಸಲಿಲ್ಲ.

"ಈಗ್ಯಾಕೆ ನಿಲ್ಲಿಸ್ತಾಳೆ? ನಾನು ಬಂದು ಕೂತಾಯ್ತಲ್ಲ," ಎಂದು ಲೋಟ ಕೆಳಗಿಟ್ಟರು.

ಹೊರಡುವಾಗ ಹಾಡನ್ನು ಮಗಳ ಮೊಬೈಲಿಗೆ ಹಾಕಿಕೊಡುತ್ತೇನೆಂದೆ. ಬೇಡವೆಂದರು. ಬೇಕಾದರೆ ಇಲ್ಲಿಗೇ ಬಂದು ಕೇಳುತ್ತೇನೆ ಎಂದು ನನ್ನ ಗಲ್ಲ ಮುಟ್ಟಿ ಮೆಟ್ಟಿಲಿಳಿದರು.

ಆಮೇಲೆ ನಾನು ಸುಮ್ಮನಿರಲಿಲ್ಲ. ರುಚಿ ಕೆಟ್ಟ ಲೋಟಕ್ಕೆ ಕಾರಣ ಹುಡುಕುವವಳಲ್ಲವೇ. ಹಾಡು ಹಿಂದಕ್ಕೆ ಜಿಗಿದಿದ್ದರೆ ಗಂಟಲಿನ ಸದ್ದು ಕೇಳಬೇಕಿತ್ತು, ಬಸ್ಸು ಎರಡನೇ ಸಲವೂ ಹಾರ್ನ್ ಹೊಡೆಯಬೇಕಿತ್ತು. ಎರಡೂ ಇರಲಿಲ್ಲ. ಸಿಕ್ಕಿಹಾಕಿಕೊಂಡಿದ್ದರೆ ಶ್ರುತಿಯೂ ತುಂಡಾಗಬೇಕಿತ್ತು. ಅದು ಮೊರೆಯುತ್ತಲೇ ಇತ್ತು. ಇನ್ನು ಆ "ಹ್ಞಾಂ" ಎಂಬುದು ಇಡೀ ರೆಕಾರ್ಡಿಂಗಿನಲ್ಲಿ ಎಲ್ಲಿಯೂ ಇಲ್ಲ. ರಿಪೇರಿಯವನಿಗೆ ಪೆನ್‌ಡ್ರೈವ್, ಸ್ಪೀಕರು ಎರಡನ್ನೂ ಒಯ್ದು ತೋರಿಸಿದೆ. ಎಲ್ಲ ಸರಿಯಾಗಿದೆ ಎಂದ. ನಾಚಿಕೆಬಿಟ್ಟು ಹೇಳುತ್ತೇನೆ, ಒಂದು ಭಾನುವಾರ ಹಾಡು ಹಾಕಿಟ್ಟು ಕೆಳಗಿಳಿದು, ಚರಣದ ಹೊತ್ತಿಗೆ ಮೇಲೆ ಹತ್ತಿ ಬಾಗಿಲಲ್ಲಿ ನಿಂತೂ ನೋಡಿದೆ. ಅತ್ತೆ ತಮ್ಮ ಪಾಡಿಗೆ ಹಾಡಿಕೊಂಡು ಹೋದರು. ನನಗೆ ನಗುವೂ ಬಂತು, ಸ್ವಲ್ಪ ಬೇಜಾರೂ ಆಯಿತು.

ನಾನೂ ಲೀಲಕ್ಕನೂ ಒಟ್ಟಿಗೆ ತಪ್ಪು ಕೇಳಿಸಿಕೊಂಡೆವೇ ಎಂದು ಯೋಚಿಸಿದ್ದೇನೆ. ನಾನು ಕೇಳಿದ್ದನ್ನು ನಾನು ಕೇಳಿದೆ, ಲೀಲಕ್ಕ ಕೇಳಬೇಕೆಂದಿದ್ದನ್ನು ಅವರು ಕೇಳಿದರು, ಎರಡೂ ಹೇಗೋ ಒಂದೇ ಆದವು ಎಂದು ಒಂದಿಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಹಾಗಂದುಕೊಂಡರೆ ಕೆಲಸಕ್ಕೆ ಹೋಗಿ ಬರಲು ಸುಲಭವಾಗುತ್ತಿತ್ತು. ಇವರಂತೂ ಪೆನ್‌ಡ್ರೈವಿನ ಮಾತನ್ನು ಬಿಟ್ಟು ಬೇರೇನೂ ಆಡಲಿಲ್ಲ. ಹೊಸ ಪೆನ್‌ಡ್ರೈವ್ ಕೂಡ ತಂದುಕೊಟ್ಟರು.

ಬೇಸಿಗೆ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಇವರು ಅಂಗಡಿಯಿಂದ ಮೇಲೆ ಬಂದು, ಕೈಕಾಲು ತೊಳೆದು, ಅಡುಗೆಮನೆಯಲ್ಲಿ ನಾನು ರೊಟ್ಟಿ ತಟ್ಟುವುದನ್ನು ನೋಡುತ್ತ ನಿಂತರು. ಏನೋ ಕೇಳಲು ಬಂದು ಮರೆತವರ ಹಾಗಿದ್ದರು. ಆಮೇಲೆ ಒಲೆಯ ಕಡೆ ನೋಡುತ್ತ ಹೇಳಿದರು.

"ಅವತ್ತು ಅಮ್ಮ ಎರಡ್ನೇ ಸಲ ಸ್ವಲ್ಪ ನಿಧಾನಕ್ಕೆ ಶುರು ಮಾಡಿದ್ರು, ಅಲ್ವಾ? ಲೀಲಕ್ಕಂಗೆ ಮೆಟ್ಲು ಹತ್ತಿ ಏದುಸಿರು ಬಂದಿತ್ತಲ್ಲ, ಅದಕ್ಕೇ ಇರ್ಬೇಕು."

ನಿಧಾನದ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಲೀಲಕ್ಕನಿಗೂ ಹೇಳಿರಲಿಲ್ಲ. ಹೌದು ಎಂದೆ. ಅವರು ತಲೆಯಾಡಿಸಿ, ತಟ್ಟೆ ತೆಗೆದುಕೊಂಡು ಊಟಕ್ಕೆ ಕೂತರು.