ಎಣ್ಣೆ ಮುಳ್ಳಿನ ಮೇಲೆ ಕುಂಕುಮ

ಧಾರವಾಡದಿಂದ ಹೋದ ನಾನು ಪರೇಲಿನ ಉಡುಪಿ ಹೋಟೆಲ್ ಮಾಲೀಕರ ಪುಟ್ಟ ಕಾರಿಗೆ ಡ್ರೈವರ್ ಆಗಿದ್ದೆ. ಆಯುಧಪೂಜೆಗೆ ಮಾಲೀಕರ ಹೆಂಡತಿ ಸ್ಟೇರಿಂಗಿನ ಮುಂದಿನ ಮೀಟರುಗಳ ಗಾಜಿಗೆಲ್ಲ ಗಂಧ, ಕುಂಕುಮ ಬಳಿದಿದ್ದರು. ಎಂಜಿನ್ನಿಗೆ ಎಣ್ಣೆ ಎಷ್ಟು ಒತ್ತಡದಲ್ಲಿ ಏರುತ್ತಿದೆಯೆಂದು ತೋರಿಸುವ ಮುಳ್ಳೂ ಮುಚ್ಚಿಹೋಗಿತ್ತು.

ಮರುದಿನ ಮಾಲೀಕರ ತಾಯಿಯನ್ನು ಸಾಂತಾಕ್ರೂಜಿಗೆ ಕರೆದೊಯ್ಯುತ್ತಿದ್ದೆ. ಮಾಹಿಮ್ ದಾಟುತ್ತಲೇ ಎಂಜಿನ್ನಿನೊಳಗೆ ಟಕಟಕ ಸದ್ದೆದ್ದಿತು. ಎಣ್ಣೆ ಏರದಿದ್ದರೆ ಬೇರಿಂಗ್ ಸುಟ್ಟು ಎಂಜಿನ್ ಬಿಗಿದು ನಿಂತೇಬಿಡುತ್ತದೆ, ಅದರೊಂದಿಗೆ ನನ್ನ ನೌಕರಿಯೂ ಹೋಗುತ್ತದೆ. ಗಾಜು ಒರೆಸಲು ಕೈ ಚಾಚಿದೆ.

“ಒರೆಸಬೇಡ ಮಾರಾಯಾ!” ಅಮ್ಮ ಹಿಂದಿನ ಸೀಟಿನಿಂದ ಕಿರುಚಿದರು. “ಮಗನ ಗಾಡಿಯ ಕುಂಕುಮ ಅಳಿಸಿದರೆ ಸೊಸೆಯ ಕುಂಕುಮಕ್ಕೇ ಕೇಡು!”

ನನ್ನ ಕೈ ಅಲ್ಲೇ ನಿಂತಿತು. ಸದ್ದು ಮಾತ್ರ ಜೋರಾಗುತ್ತಿತ್ತು.

“ಅಮ್ಮಾ, ಮುಳ್ಳು ಕಾಣವಲ್ತ್ರಿ. ಎಂಜಿನ್ ಸುಡತದರೀ!”

ಅವರು ಮುಂದೆ ಬಾಗಿ ತಮ್ಮ ಸೆರಗಿನಿಂದಲೇ ಗಾಜು ತಿಕ್ಕಿದರು. “ನಾನೇ ಒರೆಸುತ್ತೇನೆ. ಕೇಡು ತಟ್ಟಿದರೆ ನನಗೇ ತಟ್ಟಲಿ, ನನ್ನ ಕುಂಕುಮ ಹೇಗೂ ಹೋಗಿ ಆಯಿತಲ್ಲ.”

ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ತಕ್ಷಣ ಎಂಜಿನ್ ಆಫ್ ಮಾಡಿದೆ. ಇಳಿದು ನೋಡಿದರೆ, ಬಂದ ದಾರಿಯುದ್ದಕ್ಕೂ ಎಣ್ಣೆ ಸೋರಿದ ಕಪ್ಪು ಗೆರೆ.

ಮುಂದಿನ ಆಯುಧಪೂಜೆಗೆ ಅಮ್ಮ ದೂರದಿಂದಲೇ ಸೊಸೆಗೆ ಹೇಳಿದರು: “ಎಣ್ಣೆಯದ್ದಕ್ಕೆ ಹಚ್ಚಬೇಡ. ಅದು ಕಣ್ಣು ಬಿಟ್ಟುಕೊಂಡೇ ಇರಲಿ.”

ಟಾಂಕಿಯಲ್ಲಿ ಪೆಟ್ರೋಲ್ ಎಷ್ಟಿದೆ ಎಂಬುದು ಮಾತ್ರ ಮೊದಲಿನಂತೆ ದೇವರಿಗೇ ಗೊತ್ತು.